ಕಲಘಟಗಿಯ ತೊಟ್ಟಿಲು ಮತ್ತು ನಾನು ಬರೆದ ಸೊನ್ನೆ

ಐದು ವರ್ಷಗಳ ಹಿಂದೆ, ನನಗೆ ಐವತ್ತು ತುಂಬಿದ ವರ್ಷ, ನಾನು ಕಲಘಟಗಿಯಲ್ಲಿ ಅಂಕಿಸಂಖ್ಯೆ ನಿರೀಕ್ಷಕನಾಗಿದ್ದೆ. ಬೆಳೆ, ಬಾವಿ, ಎಮ್ಮೆ, ಕಿರಾಣಿ ಅಂಗಡಿ ಎಲ್ಲವನ್ನೂ ಎಣಿಸಿ ಕಾಲಂಗಳಲ್ಲಿ ತುಂಬುವುದು ನನ್ನ ಕೆಲಸ. ಎಣಿಕೆ ತಪ್ಪಿದರೆ ಏನಾದೀತು ಎಂದು ಚಿಂತಿಸುವುದು ಕೆಲಸದ ಪಟ್ಟಿಯಲ್ಲಿರಲಿಲ್ಲ. ಅದನ್ನು ಪುಕ್ಕಟೆ ಮಾಡುತ್ತಿದ್ದೆ. ಹುಬ್ಬಳ್ಳಿಯ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಸಂಶಯ ಬಸ್ಸು ಮಿಶ್ರಿಕೋಟಿ ಕಡೆ ಬರುವ ಹೊತ್ತಿಗೆ ಹಾಕಿಲ್ಲವೆಂಬ ಖಾತ್ರಿಯಾಗುತ್ತಿತ್ತು.

ಆ ವರ್ಷ ತಾಲ್ಲೂಕಿನ ಪರಿಚಯ ಕೈಪಿಡಿ ಬರೆಯಲು ಹೇಳಿದರು: ಭೂಗೋಳ, ಇತಿಹಾಸ, ಆರ್ಥಿಕತೆ. ಭೂಗೋಳಕ್ಕೇ ಮೂರು ಪುಟ ಹಿಡಿಯಿತು. ಪಡುವಣಕ್ಕೆ ಕಾಡಿನ ಅಂಚು, ಭತ್ತ, ಕಬ್ಬು. ಮೂಡಣಕ್ಕೆ ಹೋದಂತೆ ಒಣಭೂಮಿ. ನಮ್ಮ ಹಳ್ಳಗಳ ನೀರು ಬೇಡ್ತಿ ನದಿ ಸೇರಿ, ಘಟ್ಟ ಇಳಿದು ಅರಬ್ಬೀ ಸಮುದ್ರ ಮುಟ್ಟುತ್ತದೆ. ಹಿಂದೆ ಹತ್ತಿಯ ಗಾಡಿಗಳೂ ಘಟ್ಟ ಇಳಿದು ಬಂದರಿಗೆ ಹೋಗಿ, ಉಪ್ಪು ತೆಂಗು ಹೇರಿಕೊಂಡು ಮತ್ತೆ ಘಟ್ಟ ಏರಿ ಬರುತ್ತಿದ್ದವು. ಸಮುದ್ರ ಕಾಣದ ತಾಲ್ಲೂಕಿಗೂ ಸಮುದ್ರದ ನಂಟಿದೆ ಎಂದು ಬರೆದು, ನಾನೇ ಎರಡು ಸಲ ಓದಿಕೊಂಡೆ. ಆರ್ಥಿಕತೆಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ‘ಕರಕುಶಲ ಘಟಕಗಳು’ ಎಂಬ ಕಾಲಂನಲ್ಲಿ ಸಮೀಕ್ಷೆಯ ಹಾಳೆಯಲ್ಲಿದ್ದುದನ್ನೇ ಇಳಿಸಿದೆ: ಸೊನ್ನೆ.

ಕರಡನ್ನು ಆಕ್ಷೇಪಣೆಗಾಗಿ ಸೂಚನಾ ಫಲಕಕ್ಕೆ ಅಂಟಿಸಿದ ಮೂರನೆಯ ದಿನ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ನನ್ನ ಮೇಜಿನ ಮುಂದೆ ನಿಂತಳು. ತೊಟ್ಟಿಲು ಮಾಡುವ ಈರಣ್ಣನವರ ಮಗಳು, ಶೋಭಾ.

“ಇದನ್ನ ಬರದವ್ರು ಯಾರ್ರಿ?”

“ನಾನವಾ. ಯಾಕ, ಏನಾತು?”

“ಕಲಘಟಗ್ಯಾಗ ತೊಟ್ಲಾ ಮಾಡವ್ರ ಇಲ್ಲಂತ ಬರದೀರಲ್ರಿ. ನಮ್ಮಪ್ಪ ಏನ್ ಮೂವತ್ತ್ ವರ್ಷ ಕಟಗಿ ಕೆತ್ತಿ ಒಲಿಗೆ ಹಾಕ್ಯಾನೇನ್ರಿ? ನಿಮ್ಮ ಮಕ್ಳು ಎದರಾಗ ಮಲಗಿದ್ವು?”

ನನ್ನ ಇಬ್ಬರು ಮಕ್ಕಳೂ ಮಲಗಿದ್ದು ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ. ನಾನೂ ಅದರಲ್ಲೇ. ನಾಡೆಲ್ಲ ತೊಟ್ಟಿಲಿನಿಂದ ಗುರುತಿಸುವ ಊರಿನಲ್ಲಿ ಕೂತು, ತೊಟ್ಟಿಲಲ್ಲಿ ಬೆಳೆದವನೇ ಅದಿಲ್ಲವೆಂದು ಸಹಿ ಮಾಡಿದ್ದೆ.

ಅವಳ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಜಿಲ್ಲೆಯಲ್ಲಿ ಒಂದು ಕಡೆ ಕರಕುಶಲ ತರಬೇತಿ ಶೆಡ್ಡು ಕಟ್ಟುವವರಿದ್ದರು. ಸೊನ್ನೆ ಇದ್ದ ತಾಲ್ಲೂಕಿಗೆ ಅದು ಬರುವಂತಿಲ್ಲ. ಬಂದರೆ ಬಣ್ಣದ ಕೆಲಸ ಕಲಿಸುವವಳು ಶೋಭಾ. ಬರದಿದ್ದರೆ ಹುಬ್ಬಳ್ಳಿಯ ಸೀರೆ ಅಂಗಡಿಯಲ್ಲಿ ಅವಳಿಗೊಂದು ನೌಕರಿ ಕಾದಿತ್ತು. ಆಮೇಲೆ ಕುಂಚ ಹಿಡಿಯಲು ಅವಳಿಗೆ ಪುರುಸೊತ್ತಿರುವುದಿಲ್ಲ, ಅವಳ ತಂದೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅಲ್ಲಿಗೆ ಆ ಮನೆಯ ವಿದ್ಯೆ ಮುಗಿಯಿತು.

ಅಂದು ಸಂಜೆಯೇ ಅವರ ಮನೆಗೆ ಹೋದೆ. ಸೊನ್ನೆ ಬಂದದ್ದು ಹೇಗೆಂದು ಈರಣ್ಣ ಕಾಕಾ ಬಿಡಿಸಿ ಹೇಳಿದರು.

“ನಿಮ್ಮವ್ರು ಬಂದದ್ದು ನಾಟಿ ಟೈಮಿಗೆರಿ. ಮಣಕಾಲ ಮಟ ಕೆಸರಿತ್ತು. ಉದ್ಯೋಗ ಏನು ಅಂದ್ರು, ಒಕ್ಕಲತನ ಅಂದೆ. ಸುಳ್ಳೇನ್ ಅಲ್ಲಲ್ರಿ?”

ಸುಳ್ಳಲ್ಲ. ಮಳೆಗಾಲದ ತಂಪಿಗೆ ಅರಗಿನ ಬಣ್ಣ ಸರಿಯಾಗಿ ಹಿಡಿಯುವುದಿಲ್ಲವೆಂದು ಆ ತಿಂಗಳುಗಳಲ್ಲಿ ಅವರೂ ಊರಿನ ಉಳಿದ ತೊಟ್ಟಿಲಿನವರೂ ಗದ್ದೆಗೆ ಹೋಗುತ್ತಿದ್ದರು. ಮನೆಯಲ್ಲಿ ತೊಟ್ಟಿಲೂ ಕಾಣುವಂತಿರಲಿಲ್ಲ. ಮಾಡಿದ ತೊಟ್ಟಿಲಿನ ಭಾಗಗಳನ್ನು ಬಿಡಿಬಿಡಿಯಾಗಿ ಹಳೆ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಡುತ್ತಿದ್ದರು. ಜೋಡಿಸುವುದು ಕೊಂಡವರ ಮನೆಯಲ್ಲಿ.

ಸೊನ್ನೆ ತಿದ್ದಲು ಸ್ಥಳ ಪರಿಶೀಲನೆ ಆಗಬೇಕಿತ್ತು. ಗುರುವಾರ ಜಿಲ್ಲೆಯಿಂದ ಅಧಿಕಾರಿ ಬರುವರು, ತಯಾರಾದ ವಸ್ತುವಿನ ಫೋಟೋ ಕಡ್ಡಾಯ.

“ಕಾಕಾ, ಒಂದು ತೊಟ್ಲಾ ಕಟ್ಟಿ ಇಡ್ರಿ.”

“ಖಾಲಿ ತೊಟ್ಲಾ ಕಟ್ಟೂದಿಲ್ರಿ. ಅದು ಕೂಸಿದ್ದ ಮನ್ಯಾಗ ಕಟ್ಟೂದು.”

“ಬರೇ ಹತ್ ಮಿನಿಟು.”

“ಒಂದ್ ಮಿನಿಟೂ ಆಗೂದಿಲ್ಲ. ಶೆಡ್ ಬರ್ಲಿ, ಬಿಡ್ಲಿ. ನನ್ನ ಕೈಯಿಂದ ಅಂಥಾದ್ದು ಬ್ಯಾಡ.”

ಹೋಗಲಿ, ಓಣಿಯಲ್ಲಿ ಯಾರದಾದರೂ ಮನೆಯಲ್ಲಿ ಕೂಸುಂಟೇ ಎಂದು ಎರಡು ದಿನ ಅಲೆದೆ. ಇದ್ದ ಒಂದೇ ಕೂಸು ತಾಯಿಯ ಜೊತೆ ಬಮ್ಮಿಗಟ್ಟಿಗೆ ಹೋಗಿತ್ತು. ಈರಣ್ಣನವರ ಹೆಂಡತಿ ಗೌರವ್ವ ನನ್ನನ್ನು ಕರೆದು, “ಸಾಹೇಬ್ರ, ಇನ್ನ ತಿರಗಬ್ಯಾಡ್ರಿ. ಯಾವನೋ ಮನಷಾ ಕೂಸ ಹುಡಕಾಕತ್ತಾನ ಅಂತ ಓಣಿ ತುಂಬ ಸುದ್ದಿ ಆಗೇತಿ” ಎಂದರು.

ಗುರುವಾರ ಅಧಿಕಾರಿ ಬಂದರು, ಶಿಸ್ತಿನ ಹೆಣ್ಣುಮಗಳು. ಪಡಸಾಲೆಯಲ್ಲಿ ಬಣ್ಣದ ಹಲಗೆಗಳನ್ನು ಸಾಲಾಗಿ ಒರಗಿಸಿದ್ದೆವು.

“ಇವು ಹಲಗೀರಿ. ತೊಟ್ಲಾ ಎಲ್ಲಿ? ಹಲಗಿ ಫೋಟೋ ಕಳಿಸಿದ್ರ ಮ್ಯಾಲಿನವ್ರು ನನ್ನ ಕೇಳ್ತಾರ.”

ನಾನು ಗಾಬರಿಯಲ್ಲಿ ಬೇಡ್ತಿ ನದಿಯ ಉಗಮದಿಂದ ಶುರು ಮಾಡಿದೆ. ಅವರು ಗಡಿಯಾರ ನೋಡಿಕೊಂಡರು. ಶೋಭಾ ನೆಲ ನೋಡುತ್ತ ನಿಂತಿದ್ದಳು.

ಅಷ್ಟರಲ್ಲಿ ಗೌರವ್ವ ಅಡುಗೆಮನೆಯಿಂದ ಬಂದರು. ಕೈಯಲ್ಲಿ ರುಬ್ಬುವ ಗುಂಡುಕಲ್ಲು. ತೊಳೆದು ಒರೆಸಿ, ಅದಕ್ಕೆ ಕೂಸಿನ ಕುಂಚಿಗೆ ತೊಡಿಸಿದ್ದರು.

“ಹೆಸರಿಡೂ ದಿನ ಕೂಸಿಗಿಂತ ಮೊದ್ಲ ತೊಟ್ಲಾಗ ಮಲಗಾವ ಯಾರು? ಗುಂಡಪ್ಪ. ಇಂವಾ ಮಲಗಿದ ಮ್ಯಾಲ ತೊಟ್ಲಾ ಖಾಲಿ ಹೆಂಗಾತು?”

ಈರಣ್ಣ ಕಾಕಾ ಹೆಂಡತಿಯ ಮುಖ ನೋಡಿದರು. “ಇದು ನನಗ್ಯಾಕ ಹೊಳೀಲಿಲ್ಲ?”

“ನೀವು ಎಂದರ ಕೂಸು ಮಲಗ್ಸೀರೇನು, ಹೊಳ್ಯಾಕ?”

ಕಾಕಾ ನಗುತ್ತಲೇ ಹಲಗೆಗೆ ಕೈ ಹಾಕಿದರು. ತಂದೆ ಮಗಳು ಸೇರಿ ಜೋಡಿಸಿ, ತೊಲೆಗೆ ಸರಪಳಿ ಬಿಗಿದರು. ಗುಂಡಪ್ಪ ಒಳಗೆ ಮಲಗಿದ. ಶೋಭಾಳ ಬಾಯಿಗೆ ಈಗ ಮಾತು ಬಂತು: ಕಟ್ಟಿಗೆ ಪಡುವಣ ಕಾಡಿನ ಕಡೆಯದು, ಬಣ್ಣಕ್ಕೆ ಹೊಳಪು ಕೊಡುವ ಕೇದಿಗೆ ಗರಿ ಘಟ್ಟದ ಕೆಳಗಿನದು, ಕೊಳ್ಳುವವರು ಹೆಚ್ಚಾಗಿ ನವಲಗುಂದ, ಅಣ್ಣಿಗೇರಿಯ ಎರೆಭೂಮಿಯವರು. ನನ್ನ ಮೂರು ಪುಟ ಭೂಗೋಳ, ಗಾಡಿದಾರಿಯ ಇತಿಹಾಸ, ನಾನು ಬರೆಯದ ಆರ್ಥಿಕತೆ, ಮೂರೂ ಸರಪಳಿಗೆ ಜೋತುಬಿದ್ದಿದ್ದವು. ಅಧಿಕಾರಿ ಫೋಟೋ ತೆಗೆದು, ಫೈಲನ್ನು ನನ್ನ ಕೈಗಿತ್ತು, ಯಾರೂ ಹೇಳದೆಯೇ ತೊಟ್ಟಿಲನ್ನು ಮೆಲ್ಲಗೆ ತೂಗಿದರು.

ಸೊನ್ನೆ ಹೋಯಿತು. ಫೋಟೋ ಕೆಳಗೆ ನಾನು ಶ್ರದ್ಧೆಯಿಂದ ‘ತೊಟ್ಟಿಲು, ಗುಂಡಪ್ಪನ ಸಮೇತ’ ಎಂದು ಬರೆದಿದ್ದರಿಂದ, ಗುಂಡಪ್ಪ ಎಂಬವರು ಫಲಾನುಭವಿಯೇ ಎಂದು ಮೇಲಿನಿಂದ ಪತ್ರ ಬಂತು. ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರು ಕರಡು ಹರಿದು, ಕೊನೆಗೆ ‘ಅಲ್ಲ, ಕಲ್ಲು’ ಎಂದು ಉತ್ತರಿಸಿದೆ.

ಮುಂದಿನ ಬೇಸಿಗೆಗೆ ಶೆಡ್ಡು ಎದ್ದಿತು. ಶೋಭಾ ಸೀರೆ ಅಂಗಡಿಗೆ ಹೋಗಲಿಲ್ಲ. ಅಂದಿನಿಂದ ನಾನು ಯಾರನ್ನೂ ಉದ್ಯೋಗವೇನೆಂದು ಒಂದೇ ಉಸಿರಿಗೆ ಕೇಳುವುದಿಲ್ಲ. ಮಳೆಗಾಲದಲ್ಲಿ ಏನು, ಚಳಿಗೆ ಏನು, ಬೇಸಿಗೆಗೆ ಏನು, ಅಟ್ಟದ ಮೇಲೆ ಏನಿದೆ ಎಂದು ಕೇಳುತ್ತೇನೆ. ಜನ ಬೇಸರಪಡುತ್ತಾರೆ, ಕೆಲವರು ಚಹಾ ಕೊಡುತ್ತಾರೆ.

ಕಳೆದ ವರ್ಷ ನಾಟಿ ಹೊತ್ತಿಗೆ ಆ ಶೆಡ್ಡಿಗೆ ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ. ಒಳಗೆ ಬೆಚ್ಚಗೆ ಕೆಂಡ, ಹಲಗೆಗಳ ಮುಂದೆ ಕೂತ ಎಂಟು ಮಂದಿ ಹೆಂಗಸರು. ಶೋಭಾ ಕುಂಚ ಎತ್ತದೆಯೇ ಕೂಗಿದಳು:

“ಬರ್ರಿ ಸಾಹೇಬ್ರ. ಮಳಿಗಾಲದಾಗೂ ಬಣ್ಣಾನ ಹಚ್ಚಾಕತ್ತೇವಿ. ಬರಕೋರಿ ಈಗ!”

ಬರೆದುಕೊಂಡೆ. ಎಂಟು. ಬಾಗಿಲ ತನಕ ಹೋದವನು ಸಂಶಯ ಬಂದು ತಿರುಗಿ ನಿಂತು ಇನ್ನೊಮ್ಮೆ ಎಣಿಸಿದೆ. ಶೋಭಾಳನ್ನು ಬಿಟ್ಟಿದ್ದೆ. ಒಂಬತ್ತು.