ಬೆರಿಲ್ ಹೊತ್ತುಕೊಂಡ ಭಾಷಣ

ಹ್ಯಾಲಿಫ್ಯಾಕ್ಸ್‌ನಲ್ಲಿ ಬೆರಿಲ್ ಆಕ್ರಾಯ್ಡ್ ಎಂದರೆ ಹಳಬರಿಗೆ ಈಗಲೂ ಬಸ್ ಡಿಪೋ ನೆನಪಾಗುತ್ತದೆ. ಅಲ್ಲಿ ಡ್ರೈವರುಗಳಿಗೆ ಪಾಳಿ ಹಂಚುತ್ತಿದ್ದವಳು ಅವಳು. ಯಾರಾದರೂ ಕೈಕೊಟ್ಟರೆ, ಬೇರೊಬ್ಬನನ್ನು ಕರೆಸುವಷ್ಟು ತಾಳ್ಮೆ ಅವಳಿಗಿರಲಿಲ್ಲ. ತಾನೇ ಬಸ್ ಹತ್ತಿ ಹೊರಟುಬಿಡುತ್ತಿದ್ದಳು. ಐವತ್ತು ದಾಟಿದ ಮೇಲೆ ಡಿಪೋ ಬಿಟ್ಟು ಕೋಚ್ ಆದಳು. ಫುಟ್‌ಬಾಲ್ ಕೋಚ್ ಅಲ್ಲ. ಕೆಲಸದಲ್ಲಿ ಕಂಗೆಟ್ಟು ಬಂದವರ ಎದುರು ಕುಳಿತು, ಪ್ರಶ್ನೆ ಕೇಳಿ ಕೇಳಿ, ಅವರ ದಾರಿಯನ್ನು ಅವರೇ ಕಂಡುಕೊಳ್ಳುವಂತೆ ಮಾಡುವ ಕೋಚ್. ನನ್ನ ಕಸುಬೂ ಅದೇ. ಬುದ್ಧಿ ಹೇಳದೆ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು.

ತಿಂಗಳಿಗೊಮ್ಮೆ ನಾವಿಬ್ಬರೂ ಎನಿಡ್ ಲಾಕ್‌ವುಡ್ ಮನೆಗೆ ಹೋಗುತ್ತೇವೆ. ನಮ್ಮ ಕೆಲಸವನ್ನು ಒರೆಗೆ ಹಚ್ಚಿ ನೋಡುವ ಹಿರಿಯಳು ಅವಳು. ಇದಕ್ಕೆ ಸೂಪರ್‌ವಿಷನ್ ಎಂದು ಹೆಸರು. ಕೇಳಿದರೆ ಬೆತ್ತ ಹಿಡಿದ ಮೇಸ್ತ್ರಿ ಕಣ್ಣಿಗೆ ಬರುತ್ತಾನೆ, ಆದರೆ ಎನಿಡ್ ಕೈಯಲ್ಲಿರುವುದು ಟೀ ಪಾತ್ರೆ. 'ಇಷ್ಟು ವರ್ಷ ಆದ್ರೂ ಇನ್ನೂ ಟ್ಯೂಷನ್ನಾ?' ಎಂದು ನಗುವ ಕೋಚ್‌ಗಳು ಈ ಊರಲ್ಲಿ ಬೇಕಾದಷ್ಟಿದ್ದಾರೆ. ಊರವರಿಗೆಲ್ಲ 'ನಿನ್ನನ್ನು ನೀನು ನೋಡಿಕೋ' ಎನ್ನುವವರು ಇವರೇ! ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಕಳೆದ ವಸಂತದಲ್ಲಿ ಬೆರಿಲ್ ಬಳಿಗೆ ಶಿಶುವಿಹಾರವೊಂದನ್ನು ನಡೆಸುವ ಹೆಂಗಸು ಬರುತ್ತಿದ್ದಳು. ಎನಿಡ್ ಕೋಣೆಯಲ್ಲಿ ಯಾರ ನಿಜ ಹೆಸರನ್ನೂ ಆಡುವಂತಿಲ್ಲ, ಆದ್ದರಿಂದ ಜೋನ್ ಎನ್ನೋಣ. ಶಿಶುವಿಹಾರದ ಅಡುಗೆಮನೆ ಮುಚ್ಚಿ, ಹೊರಗಿನಿಂದ ಡಬ್ಬಿ ಊಟ ತರಿಸಲು ಟ್ರಸ್ಟಿಗಳು ಹೊರಟಿದ್ದರು. ಮನೆಯಲ್ಲಿ ಒಲೆ ಹತ್ತದ ಮಕ್ಕಳಿಗೆ ಬಿಸಿ ಊಟ ಸಿಗುತ್ತಿದ್ದುದು ಅಲ್ಲೊಂದೇ ಕಡೆ. ಅದನ್ನು ಹೇಳಬೇಕಾದವಳು ಜೋನ್. ಟ್ರಸ್ಟಿಗಳ ಮುಂದೆ ನಿಂತರೆ ಅವಳ ಬಾಯಿ ಕಟ್ಟಿಹೋಗುತ್ತಿತ್ತು. ಸಭೆ ಹತ್ತಿರ ಬಂದಿತ್ತು.

'ಭಾಷಣ ನಾನೇ ಬರ್ಕೊಟ್ಟೆ,' ಎಂದಳು ಬೆರಿಲ್, ಶುಂಠಿ ಕೇಕ್ ಮುರಿಯುತ್ತ. 'ಈಗ ಅವಳು, ನೀನೇ ಬಂದು ಓದ್ಬಿಡು ಅಂತಾಳೆ. ಹೋಗ್ಬಿಡ್ಲಾ ಅಂತ ಯೋಚ್ನೆ ಮಾಡ್ತಿದೀನಿ. ಪಾಪ, ನಡುಗ್ತಾಳೆ. ಎನಿಡ್, ಈ ಟ್ರಸ್ಟ್‌ಗಳ ಒಳಹೊರಗೆಲ್ಲ ನಿಂಗೆ ಗೊತ್ತಲ್ಲ, ಸ್ವಲ್ಪ ತಿದ್ದಿಕೊಡೇ.'

ಎನಿಡ್ ಕನ್ನಡಕ ಏರಿಸಿ, ಬೆರಿಲ್ ಚಾಚಿದ ನಕಲು ಹಾಳೆಯನ್ನು ಮುಂದಿಟ್ಟುಕೊಂಡು ಪೆನ್ನು ತೆಗೆದುಕೊಂಡಳು. ಒಂದು ಸಾಲು ಹೊಡೆದುಹಾಕಿ, ಮೇಲೆ ಬೇರೆ ಬರೆದಳು. ಆಮೇಲೆ ಪೆನ್ನನ್ನೇ ದಿಟ್ಟಿಸಿ ಗಟ್ಟಿಯಾಗಿ ನಕ್ಕಳು.

'ಅಯ್ಯೋ, ಇದೇನ್ ಮಾಡ್ತಿದೀನಿ ನಾನು? ಮಾತಾಡ್ಬೇಕಾದೋಳು ಜೋನ್, ಬರೆದೋಳು ನೀನು, ಪೆನ್ನು ನನ್ನ ಕೈಲಿ! ಅವಳು ನಿಂಗೆ ಮಾಡಿದ್ದನ್ನೇ ನೀನು ಇಲ್ಲಿ ಕೂತು ನಂಗೆ ಮಾಡ್ದೆ, ಬಂಗಾರ. ನಾನೂ ಬಿದ್ದೆ ನೋಡು.'

ಇದು ನಮ್ಮ ಕಸುಬಿನವರಿಗೆ ತಗಲುವ ಜಾಡ್ಯ. ಬಂದವರ ಭಾರ ನಮಗೇ ತಿಳಿಯದಂತೆ ನಮ್ಮ ಹೆಗಲೇರುತ್ತದೆ. ನಾವು ಅದನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುತ್ತೇವೆ. ತನ್ನ ಬೆನ್ನು ತನಗೆ ಕಾಣದು, ನೋಡಲು ಮತ್ತೊಬ್ಬರು ಬೇಕೇ ಬೇಕು.

ಬೆರಿಲ್ ರೇಗಿದಳು. 'ಹಾಗಾದ್ರೆ ಆ ಮಕ್ಕಳು ತಣ್ಣಗಿನ ಡಬ್ಬಿ ತಿನ್ಲಾ?'

'ನೀನು ಹೋಗಿ ಗೆದ್ದೆ ಅಂತಿಟ್ಕೋ,' ಎಂದಳು ಎನಿಡ್. ' ಮುಂದಿನ ವರ್ಷ ಟ್ರಸ್ಟಿಗಳು ಮತ್ತೆ ಶುರು ಮಾಡಿದ್ರೆ? ಆಗ ಆ ಮಕ್ಕಳಿಗೆ ಯಾರಿದಾರೆ?'

ಬೆರಿಲ್ ಮುಖ ಸಣ್ಣದಾಯಿತು. 'ಮತ್ತೆ ಬಸ್ ಹತ್ಬಿಟ್ಟಿದೀನಿ, ಅಲ್ವಾ?'

'ಹತ್ತಿರೋದಷ್ಟೇ ಅಲ್ಲ, ಟಿಕೆಟ್ಟೂ ನೀನೇ ಹರೀತಿದೀಯ,' ಎಂದೆ ನಾನು. ಅವಳು ಕೇಕಿನ ಚೂರೊಂದನ್ನು ನನ್ನ ಮೇಲೆ ಎಸೆದಳು.

ಜೋನ್ ಜೊತೆಗಿನ ಮುಂದಿನ ಭೇಟಿಯಲ್ಲಿ ಬೆರಿಲ್ ತಾನು ಬರೆದುಕೊಟ್ಟಿದ್ದ ಭಾಷಣವನ್ನು ವಾಪಸು ಇಸಿದುಕೊಂಡಳು. 'ಆ ಅಡುಗೆಮನೆ ಬಗ್ಗೆ ನಿಂಗೆ ಗೊತ್ತಿದ್ದು, ಟ್ರಸ್ಟಿಗಳಿಗೆ ಗೊತ್ತಿಲ್ಲದ್ದು ಏನಿದೆ?' ಎಂದು ಕೇಳಿ ತುಟಿ ಕಚ್ಚಿ ಕುಳಿತಳು. ಜೋನ್ ಮುನಿಸಿಕೊಂಡಳು, ಅತ್ತಳು. ಆದರೂ ಬೆರಿಲ್ ಬಾಯಿ ಬಿಡಲಿಲ್ಲ. ಕೊನೆಗೆ ಜೋನ್ ಒಬ್ಬ ಹುಡುಗಿಯ ಮಾತು ಎತ್ತಿದಳು. ಸೇರಿದಾಗಿನಿಂದ ತುಟಿ ಬಿಚ್ಚದ ಆ ಮಗು ಮೊದಲು ಮಾತಾಡಿದ್ದು ಅಡುಗೆಯವಳ ಜೊತೆಗೆ, ಗಂಜಿಯ ಬಟ್ಟಲು ಹಿಡಿದು, 'ಇನ್ನೂ ಬೇಕು' ಎಂದು. ಹೇಳುತ್ತ ಹೇಳುತ್ತ ಜೋನ್ ಎದ್ದು ನಿಂತಿದ್ದಳಂತೆ.

ಸಭೆಗೆ ಬೆರಿಲ್ ಹೋಗಲಿಲ್ಲ. ಆ ಸಂಜೆಯೆಲ್ಲ ಮನೆಯ ಕಿಟಕಿಗಳನ್ನು ಉಜ್ಜಿ ಉಜ್ಜಿ ತೊಳೆದಳಂತೆ.

ಮರು ತಿಂಗಳು ಅವಳು ಕೋಟನ್ನೂ ಬಿಚ್ಚದೆ ಎನಿಡ್ ಕೋಣೆಗೆ ನುಗ್ಗಿದಳು. 'ಉಳೀತು! ಅಡುಗೆಮನೆ ಉಳೀತು! ಟ್ರಸ್ಟಿಗಳೆಲ್ಲ ಒಪ್ಪಿದ್ರು!'

ಎನಿಡ್ ಅವಳನ್ನು ಬಾಚಿ ತಬ್ಬಿಕೊಂಡಳು. ನನಗೆ ಹೆಮ್ಮೆಯೂ ಆಯಿತು, ಕೊಂಚ ಹೊಟ್ಟೆಕಿಚ್ಚೂ ಆಯಿತು.

'ಜೋನ್ ಏನಂದ್ಳು ನಿಂಗೆ?' ಎಂದು ಕೇಳಿದೆ.

ಬೆರಿಲ್ ಕಣ್ಣಲ್ಲಿ ನೀರು, ಬಾಯಿ ತುಂಬ ನಗು. '"ಬೇಜಾರು ಮಾಡ್ಕೋಬೇಡ ಬೆರಿಲ್, ಎಲ್ಲಾ ನಾನೇ ಮಾಡಿದ್ದು. ನೀನು ಸುಮ್ನೆ ಕೂತಿದ್ದೆ, ಅಷ್ಟೇ" ಅಂದ್ಳು ಕಣೋ! ಇನ್ನೊಂದ್ಸಲ ಹೇಳು ಅಂದೆ. ಹೇಳಿದ್ಳು!'