ಉರಿಯೂತದ ಊಟ

ಫಿಟ್ಸ್ ಇರುವವರಿಗೆ ಊಟದ ಪಥ್ಯ ಹೇಳುವುದು ನನ್ನ ಕೆಲಸ. ಕಂಪ್ಲಿಯ ಹುಲಿಗೆವ್ವನ ಸೊಸೆಗೆ ಫಿಟ್ಸ್. "ಗುಳಿಗಿ ಜೊತಿಗೆ ಉರಿಯೂತ ಕಡಿಮಿ ಮಾಡೋ ಊಟ ಕೊಡ್ರಿ, ಸೊಪ್ಪು, ಅಗಸಿ ಚಟ್ನಿಪುಡಿ" ಎಂದು ಹೇಳಿ ಕಳಿಸಿದ್ದೆ.

ತಿಂಗಳಿಗೆ ಹುಲಿಗೆವ್ವ ಹೆಮ್ಮೆಯಿಂದ ಬಂದರು. "ಉರಿ ಊಟ ಬಂದ್ ಮಾಡೀವ್ರಿ! ಮನ್ಯಾಗ ಒಂದ್ ಮೆಣಸಿನಕಾಯಿ ಇಲ್ಲ. ಗುಳಿಗೀನೂ ಹೊಟ್ಟಿ ಉರಸ್ತೈತಂತ, ನಾಳಿಂದ ಅದನ್ನೂ ಬಿಡಸ್ತೀನಿ."

"ಗುಳಿಗಿ ಮಾತ್ರ ಬಿಡಸಬ್ಯಾಡ್ರಿ! ಹೊಟ್ಟಿ ಉರಿ ಡಾಕ್ಟರಿಗೆ ಹೇಳೋಣ" ಎಂದು ಕೈಮುಗಿದೆ. ಉರಿಯೂತ ಅಂದರೆ ಖಾರವಲ್ಲ, ಮೈಯೊಳಗಿನ ಬಾವು ಎಂದು ತಿಳಿಸಿದೆ.

ಅಂದಿನಿಂದ ಉರಿಯೂತ ಎನ್ನುವುದನ್ನೇ ಬಿಟ್ಟೆ. ಮೊನ್ನೆ ಬಂಡ್ರಿಯಿಂದ ಬಂದ ರೈತನಿಗೆ "ನಿಮ್ಮ ಬಾವು ಇಳೀಬೇಕ್ರಿ" ಎಂದೆ.

"ಬಾವ ಆಗ್ಲೇ ಬಸ್ಸಿಂದ ಇಳ್ದಾರ್ರಿ," ಎಂದ, "ಹೊರಗ ಬೀಡಿ ಸೇದಾಕತ್ತಾರ."