ಮಂಟಪದ ಹಿಂದಿನ ಭೋಜಣ್ಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಭೋಜಣ್ಣ ಎರಡನ್ನೂ ಮಾಡಲಿಲ್ಲ. ಆದರೆ ಕುವೈತಿನ ತುಳುವರ ಮದುವೆಗಳಿಗೆ ಮಂಟಪ ಕಟ್ಟುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಇಪ್ಪತ್ತು ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ಮಂಟಪ. ಎಲ್ಲವೂ ಒಂದೇ ಮಂಟಪ ಎನ್ನುವುದು ಬೇರೆ ಮಾತು. ನಾಲ್ಕು ತೇಗದ ಕಂಬ, ಎಂಟು ಅಡ್ಡಪಟ್ಟಿ, ತಲೆಯ ಮೇಲೊಂದು ಪುಟ್ಟ ಗೋಪುರ, ಎಲ್ಲವನ್ನೂ ಹಿಡಿದಿಡಲು ಮೂವತ್ತೆರಡು ಬೋಲ್ಟು. ಬಿಚ್ಚಿದರೆ ಅರ್ಧ ಲಾರಿಯಲ್ಲಿ ಕೂರುತ್ತದೆ. ಕಟ್ಟಿ ನಿಲ್ಲಿಸಿದರೆ ಹೋಟೆಲಿನ ಮ್ಯಾನೇಜರೂ ಬಂದು ಅದರ ಕೆಳಗೆ ಫೋಟೊ ತೆಗೆಸಿಕೊಂಡು ಹೋಗುತ್ತಾನೆ.

ಇಷ್ಟು ಮದುವೆಗಳಲ್ಲಿ ಒಂದರ ಧಾರೆಯನ್ನೂ ಭೋಜಣ್ಣ ಕಣ್ಣಾರೆ ಕಂಡಿರಲಿಲ್ಲ. ಹೇಳಿದರೆ ನಗುತ್ತೀರಿ, ಆದರೆ ಮಾತು ನಿಜ.

ಅವನ ಮನೆತನದವರಿಗೆ ಧಾರೆಯೆಂದರೇ ಮದುವೆ. ಉಳಿದದ್ದೆಲ್ಲ ಊಟದವರೆಗೆ ಹೊತ್ತು ಕಳೆಯುವ ಏರ್ಪಾಡು. ಹುಡುಗನ ಬಲಗೈ ಮೇಲೆ ಹುಡುಗಿಯ ಬಲಗೈ ಇಟ್ಟು, ನಡುವೆ ವೀಳ್ಯದೆಲೆ, ಅಡಿಕೆ, ಮೇಲೊಂದು ತೆಂಗಿನಕಾಯಿ ಇಡುತ್ತಾರೆ. ಆ ಎರಡೂ ಕೈಗಳನ್ನು ಕೆಳಗಿನಿಂದ ತನ್ನ ಬಲಗೈಯಲ್ಲಿ ಹೊತ್ತು ನಿಲ್ಲುವವನು ಹುಡುಗಿಯ ಸೋದರಮಾವ. ತಾಯಿ ಗಿಂಡಿಯ ಮೂತಿಯಿಂದ ಸಣ್ಣಗೆ ನೀರು ಎರೆಯುತ್ತಾಳೆ, ಅವಳ ನಂತರ ಬಂದವರೆಲ್ಲ ಸಾಲಾಗಿ ಎರೆಯುತ್ತಾರೆ, ನೀರು ಕೆಳಗಿನ ಹರಿವಾಣಕ್ಕೆ ಬೀಳುತ್ತದೆ. ಸ್ಪೀಕರಿನಲ್ಲಿ ವಾದ್ಯದ ಸದ್ದು ಏರುತ್ತಿದ್ದ ಹಾಗೆ ಭೋಜಣ್ಣ ಸ್ಪ್ಯಾನರ್ ಹಿಡಿದು, "ಒಂದು ಬೋಲ್ಟ್ ಸಡಿಲ ಆದ ಹಾಗುಂಟು, ನೋಡ್ತೇನೆ" ಎಂದು ಮಂಟಪದ ಹಿಂದಿನ ಪರದೆಯೊಳಗೆ ಮಾಯವಾಗುತ್ತಿದ್ದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಅವನ ಆಯಸ್ಸು ನಲವತ್ತು ಸಾವಿರ ವರ್ಷ ದಾಟಿರಬೇಕು.

ಅವನು ಹೆಜಮಾಡಿ ಕಡೆಯವನು. ಇಪ್ಪತ್ತೆರಡನೆಯ ವಯಸ್ಸಿಗೆ ಬಡಗಿಯಾಗಿ ಕುವೈತಿಗೆ ಬಂದು, ರಾಯ್ ಎಂಬ ಕೈಗಾರಿಕಾ ಪ್ರದೇಶದ ಒಂದು ಪೀಠೋಪಕರಣದ ವರ್ಕ್‌ಶಾಪಿಗೆ ಸೇರಿದ. ನಾಲ್ಕು ವರ್ಷ ದುಡಿದ. ಊರಲ್ಲಿ ಹುಡುಗಿ ಗೊತ್ತಾಯಿತು, ನಿಶ್ಚಯವೂ ಆಯಿತು. ರಜೆಗೆ ಹೊರಡಲು ಇನ್ನು ಒಂದೂವರೆ ತಿಂಗಳು ಎನ್ನುವಾಗ, ಒಂದು ಗುರುವಾರ ಮಧ್ಯಾಹ್ನ, ಊಟಕ್ಕೆ ಏಳುವ ಮೊದಲು ಇದೊಂದು ಹಲಗೆ ಮುಗಿಸಿಬಿಡುತ್ತೇನೆ ಎಂದು ಅವಸರ ಮಾಡಿ, ಗರಗಸದ ಮೆಷಿನ್ನಿಗೆ ಬಲಗೈಯ ಎರಡು ಬೆರಳು ಕೊಟ್ಟ. ತೋರುಬೆರಳು, ನಡುಬೆರಳು. ತಪ್ಪು ತನ್ನದೇ ಎಂದು ಇವತ್ತಿಗೂ ಹೇಳುತ್ತಾನೆ. ವೀಸಾ ಕೊಟ್ಟ ಧಣಿ, ಇಲ್ಲಿಯ ಮಾತಿನಲ್ಲಿ ಕಫೀಲ್, ಒಳ್ಳೆಯ ಮನುಷ್ಯ, ಕೆಲಸದಿಂದ ತೆಗೆಯಲಿಲ್ಲ. ಇಕಾಮಾ ಎಂಬ ವಾಸದ ಪರವಾನಗಿ ಉಳಿಯಿತು, ಮದುವೆ ಉಳಿಯಲಿಲ್ಲ.

ಊರಿಗೆ ಹೋದಾಗ ಹುಡುಗಿಯ ಮನೆಯವರು ಬಂದು ನೋಡಿದರು. ಯಾರೂ ಕೆಟ್ಟ ಮಾತಾಡಲಿಲ್ಲ. ಹುಡುಗಿಯ ಅಜ್ಜಿ ಮಾತ್ರ ಅವನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇಂಥ ಕೈಯನ್ನು ಧಾರೆಗೆ ಹಿಡಿಯುವುದಾದರೂ ಹೇಗೆ ಮಗಾ? ನೀರು ನಿಲ್ಲದ ಕೈಯಲ್ಲಿ ಸಂಸಾರ ನಿಲ್ಲುತ್ತದಾ?" ಎಂದಳು. ಸಿಟ್ಟಿನಿಂದಲ್ಲ, ಮರುಕದಿಂದಲೇ ಹೇಳಿದಳು. ಸಿಟ್ಟಿನ ಮಾತಾಗಿದ್ದರೆ ನಾಲ್ಕು ದಿನಕ್ಕೆ ಮರೆಯುತ್ತಿದ್ದನೋ ಏನೋ, ಮರುಕದ ಮಾತು ಎಲುಬಿಗೆ ಇಳಿಯಿತು. ವಾರದೊಳಗೆ ಸಂಬಂಧ ಮುರಿಯಿತು. ಭೋಜಣ್ಣ ಮರಳಿ ಬಂದು ಮಹಬೂಲಾದ ತನ್ನ ಕೋಣೆ ಸೇರಿಕೊಂಡ. ಇಂಥ ಕೈ ಧಾರೆಯ ಹತ್ತಿರ ಸುಳಿಯಬಾರದು ಎಂದು ತನಗೆ ತಾನೇ ಕಾನೂನು ಮಾಡಿಕೊಂಡ. ಆ ಕಾನೂನಿಗೆ ಇಪ್ಪತ್ತನಾಲ್ಕು ವರ್ಷವಾಯಿತು.

ಅದನ್ನು ಮುರಿಯಬೇಕಾದ ಸಂದರ್ಭ ಬಂದದ್ದು ತಂಗಿ ವಾರಿಜಾಳ ಮಗಳಿಂದ. ವಾರಿಜಾ ಫಹಾಹೀಲಿನ ಒಂದು ಕ್ಲಿನಿಕ್ಕಿನಲ್ಲಿ ಸಹಾಯಕಿ. ಗಂಡ ಕೊರೋನಾ ಕಾಲದಲ್ಲಿ ತೀರಿಕೊಂಡ. ಒಬ್ಬಳೇ ಮಗಳು ಶರಣ್ಯಾ, ಹುಟ್ಟಿದ್ದು ಬೆಳೆದದ್ದು ಇಲ್ಲೇ. ಮನೆಯಲ್ಲಿ ಯಾವ ಭಾಷೆಯಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಬೈಗುಳ ಮಾತ್ರ ಶುದ್ಧ ತುಳುವಿನಲ್ಲಿ. ಅವಳು ಮೆಚ್ಚಿದ ಹುಡುಗ ರವಿಕಿರಣ, ಬಾಗಲಕೋಟೆ ಕಡೆಯವನು, ಮಂಗಫಿನಲ್ಲಿದ್ದುಕೊಂಡು ರಿಫೈನರಿಯಲ್ಲಿ ಟೆಕ್ನೀಷಿಯನ್ ಆಗಿದ್ದಾನೆ. ಅವನ ತಂದೆ ಮಲಕಾಜಪ್ಪ, ತಾಯಿ ಬಾಳಕ್ಕ ವಿಸಿಟ್ ವೀಸಾದಲ್ಲಿ ಬಂದಿಳಿದರು. ಅವರ ಕಡೆಯ ಶಾಸ್ತ್ರ ಮುಂದಿನ ತಿಂಗಳು ಊರಿನಲ್ಲಿ, ಇಲ್ಲಿ ಸಾಲ್ಮಿಯಾದ ಹೋಟೆಲಿನಲ್ಲಿ ಹುಡುಗಿ ಕಡೆಯ ಧಾರೆ ಎಂದು ಮಾತಾಯಿತು.

"ಗಿಂಡಿ ನಾನೇ ಹಿಡಿಯುವುದು, ಗಂಡ ಇಲ್ಲದವಳು ಅದೂ ಇದೂ ಅಂತ ಯಾರಾದರೂ ಬಾಯಿ ತೆರೆದರೆ ಆ ನೀರನ್ನು ಅವರ ತಲೆಗೇ ಹೊಯ್ಯುತ್ತೇನೆ" ಎಂದು ವಾರಿಜಾ ಮೊದಲೇ ಘೋಷಿಸಿದ್ದಳು. "ಕೈ ಹಿಡಿಯುವುದು ಅಣ್ಣ."

ಭೋಜಣ್ಣ ಬಲಗೈಯನ್ನು ಬೆನ್ನ ಹಿಂದೆ ಸರಿಸಿದ. "ಆ ಶುಕ್ರವಾರ ನಂಗೆ ಆಗ್ಲಿಕ್ಕಿಲ್ಲ ಮಾರಾಯ್ತಿ. ಕಫೀಲಿನ ಮನೆಯಲ್ಲಿ ಕೆಲಸ ಉಂಟು. ಮಂಟಪ ಕಟ್ಟಿಕೊಟ್ಟು ಹೋಗ್ತೇನೆ. ಕೈ ಹಿಡೀಲಿಕ್ಕೆ ನಮ್ಮ ಶೈಲೇಶ್ ಇದ್ದಾನಲ್ಲ." ಶೈಲೇಶ್ ಎಂದರೆ ಚಿಕ್ಕಮ್ಮನ ಮಗ, ಹೋಟೆಲೊಂದರ ರಿಸೆಪ್ಷನ್ನಿನಲ್ಲಿರುವವನು. ಕೈ ತುಂಬಾ ಬೆರಳು, ಬೆರಳಿಗೊಂದು ಉಂಗುರ.

"ನಿನ್ನ ಕಫೀಲ್ ಈ ತಿಂಗಳು ಕುವೈತಿನಲ್ಲೇ ಇಲ್ಲ ಅಣ್ಣಾ. ರುಡಾಲ್ಫ್ ಹೇಳಿದ."

ರುಡಾಲ್ಫ್ ಪಾಯಸ್ ಅದೇ ವರ್ಕ್‌ಶಾಪಿನಲ್ಲಿ ಪಾಲಿಶ್ ಹಾಕುವವನು, ಕೋಣೆಯಲ್ಲಿ ಭೋಜಣ್ಣನ ಜೊತೆಗಾರ. ಸುಳ್ಳು ಹೇಳಲು ಬಾರದವನು ಸುಳ್ಳು ಹೇಳಬಾರದು, ಹೇಳಿದರೂ ರುಡಾಲ್ಫನಂಥ ಗೆಳೆಯನನ್ನು ಇಟ್ಟುಕೊಳ್ಳಬಾರದು. ಭೋಜಣ್ಣ ತಲೆ ತಗ್ಗಿಸಿದ.

"ಹುಡುಗನ ಕಡೆಯವರು ಹೊಸಬರು. ಶುಭಕಾರ್ಯದಲ್ಲಿ ಈ ಕೈ ನೋಡಿ ಮನಸ್ಸಲ್ಲಿ ಏನಾದರೂ ಅಂದುಕೊಂಡರೆ? ನಾಳೆ ಮಗುವಿಗೆ ಒಂದು ಮಾತು ಬಂದರೆ ನನ್ನಿಂದ ತಡೀಲಿಕ್ಕೆ ಆಗ್ಲಿಕ್ಕಿಲ್ಲ ವಾರಿಜಾ. ನನ್ನನ್ನು ಬಿಟ್ಟುಬಿಡು."

ವಾರಿಜಾ ಜಗಳ ಆಡಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಆದರೆ ಅವಳು, "ನಿನ್ನ ಇಷ್ಟ. ಮಗಳಿಗೆ ನಾನು ಹೇಳುವುದಿಲ್ಲ, ನೀನೇ ಹೇಳು" ಎಂದಳು. ಭೋಜಣ್ಣ ಹೇಳಲಿಲ್ಲ. ಹೇಳುವ ಧೈರ್ಯವಿದ್ದಿದ್ದರೆ ಕೈ ಹಿಡಿಯುವ ಧೈರ್ಯವೂ ಇರುತ್ತಿತ್ತು.

ಶುಕ್ರವಾರ ಬಂತು. ತನ್ನ ಜೀವಮಾನದಲ್ಲೇ ಅಷ್ಟು ಚೆಂದದ ಮಂಟಪವನ್ನು ಭೋಜಣ್ಣ ಕಟ್ಟಿರಲಿಲ್ಲ. ಬೆಳಗ್ಗೆ ಐದಕ್ಕೇ ಬಂದು ಕಂಬಗಳನ್ನು ಒರೆಸಿ, ಕ್ರೊಟನ್ ಎಲೆ ಕಟ್ಟಿ, ಇಂಡಿಯಾದಿಂದ ವಿಮಾನದಲ್ಲಿ ಬಂದ ಮಲ್ಲಿಗೆಯನ್ನು ಗೋಪುರಕ್ಕೆ ಸುತ್ತಿದ್ದ. ರೇಷ್ಮೆ ಶರ್ಟು, ಬಿಳಿ ಪಂಚೆ. ಬಲಗೈಗೆ ಮಾತ್ರ ಎಂದಿನಂತೆ ಒಂದು ಬೈರಾಸು ಸುತ್ತಿಕೊಂಡಿದ್ದ, ಬೆವರು ಒರೆಸುವವನ ಹಾಗೆ. ಎಸಿ ಕೊರೆಯುವ ಹಾಲಿನಲ್ಲಿ ಎಂಥ ಬೆವರು ಎಂದು ಕೇಳಬಾರದು.

ಭಟ್ಟರು ಬಂದು ಕೂತರು. ವಾರದಲ್ಲಿ ಐದು ದಿನ ಒಂದು ಕಂಪೆನಿಯ ಸ್ಟೋರ್‌ಕೀಪರ್, ಶುಕ್ರವಾರ ಮಾತ್ರ ಭಟ್ಟರು. ಹನ್ನೊಂದು ನಲವತ್ತಕ್ಕೆ ಮುಹೂರ್ತ ಮುಗಿಯುತ್ತದೆ, ಒಂದು ಗಂಟೆಗೆ ಹಾಲ್ ಬಿಟ್ಟುಕೊಡಬೇಕು ಎಂದು ಮೈಕಿನಲ್ಲೇ ಹೇಳಿದರು. ಶೈಲೇಶ್ ಬಂದು ಮಂಟಪದ ಬಳಿ ನಿಂತ. ಭೋಜಣ್ಣ ಸ್ಪ್ಯಾನರ್ ತೆಗೆದುಕೊಂಡ, ಪರದೆಯ ಹಿಂದೆ ನಡೆದ.

ಹಿಂದೆ ನಿಂತು ಕೇಳಿ ಕೇಳಿ ಧಾರೆಯ ಸದ್ದು ಅವನಿಗೆ ಬಾಯಿಪಾಠ. ಮೊದಲು ಭಟ್ಟರ ಮಂತ್ರ, ಆಮೇಲೆ ಗಟ್ಟಿಯಾಗಿ ವಾದ್ಯ, ಆಮೇಲೆ ಹರಿವಾಣಕ್ಕೆ ನೀರು ಬೀಳುವ ಸದ್ದು. ಅಂದು ಮಂತ್ರ ಕೇಳಿಸಿತು. ವಾದ್ಯ ಕೇಳಿಸಿತು. ನೀರು ಬೀಳಲಿಲ್ಲ. ಯಾರೋ ವಾದ್ಯವನ್ನೂ ನಿಲ್ಲಿಸಿದರು. ಇನ್ನೂರು ಜನ ಏಕಕಾಲಕ್ಕೆ ಪಿಸುಗುಟ್ಟಿದ್ದು ಪರದೆ ದಾಟಿ ಬಂತು, ಅದರ ನಡುವೆ ಶರಣ್ಯಾಳ ದನಿ.

"ವೇರ್ ಈಸ್ ಮಾಮ?"

ಶೈಲೇಶ್ ಏನೋ ಸಮಜಾಯಿಷಿ ಹೇಳಿದ. ಭಟ್ಟರು, "ಕೈ ಬಿಚ್ಚಮ್ಮಾ, ಸಮಯ ಹೋಗ್ತಾ ಉಂಟು" ಎಂದರು. "ಐ ವೋಂಟ್" ಎಂದಳು ಅವಳು. ಭೋಜಣ್ಣನಿಗೆ ಓಡಿಹೋಗಿಬಿಡಬೇಕು ಎನಿಸಿತು. ಯಾವ ಕಡೆಗೆ ಓಡಬೇಕೆಂದು ತಿಳಿಯಲಿಲ್ಲ.

ಪರದೆ ಸರಿಸಿಕೊಂಡು ಒಳಗೆ ಬಂದವಳು ಹುಡುಗನ ತಾಯಿ ಬಾಳಕ್ಕ. ಇಳಕಲ್ ಸೀರೆ, ಹಣೆಯಲ್ಲಿ ಅಗಲ ಕುಂಕುಮ. ಕುವೈತಿಗೆ ಬಂದು ಹತ್ತು ದಿನವಾಗಿದ್ದರೂ ಯಾರಿಗೂ ಹೆದರದ ಹೆಂಗಸು.

"ನೀವ ಏನ್ರಿ ಭೋಜಣ್ಣಾರು? ಹುಡುಗಿ ಮುಷ್ಟಿ ಬಿಗಿಹಿಡದು ಕುಂತಾಳ. ಮಾಮಾ ಬರೂತನಕಾ ಬಿಚ್ಚಾಂಗಿಲ್ಲ ಅಂತಾಳ. ಇಲ್ಲೇನ್ ಮಾಡಾಕತ್ತೀರಿ?"

"ಬೋಲ್ಟ್..." ಎಂದ ಭೋಜಣ್ಣ.

ಬಾಳಕ್ಕ ಬೋಲ್ಟಿನ ಕಡೆ ನೋಡಲೇ ಇಲ್ಲ. "ಆ ಕೈಗೆ ಏನಾಗೇತ್ರಿ?"

ಇಪ್ಪತ್ತನಾಲ್ಕು ವರ್ಷಗಳಲ್ಲಿ ಯಾರೂ ಅವನ ಮುಖಕ್ಕೇ ಹೀಗೆ ಕೇಳಿರಲಿಲ್ಲ. ಎಲ್ಲರೂ ಒಮ್ಮೆ ಕೈ ನೋಡಿ ಆಮೇಲೆ ಬೇರೆ ಕಡೆ ನೋಡುವವರೇ. ಅವನು ಬೈರಾಸು ಬಿಚ್ಚಿ ತೋರಿಸಿದ.

"ಎರಡು ಬೆರಳು ಮೆಷಿನ್ನಿಗೆ ಹೋಯ್ತು. ಇಂಥ ಕೈ ಧಾರೆಗೆ ಆಗ್ಲಿಕ್ಕಿಲ್ಲ ಅಕ್ಕಾ. ನಿಮ್ಮ ಮಗನ ಸಂಸಾರ ಚೆನ್ನಾಗಿರಬೇಕಲ್ಲ."

"ಆಗಾಂಗಿಲ್ಲ ಅಂತ ಯಾರಂದ್ರು?"

"ನನಗೆ ಹೆಣ್ಣು ಕೊಡಬೇಕಾಗಿದ್ದ ಮನೆಯ ಅಜ್ಜಿ."

"ಅಕಿ ಇನ್ನಾ ಅದಾಳೇನು?"

"ಇಲ್ಲ. ತೀರಿಹೋಗಿ ಹದಿನೈದು ವರ್ಷ ಆಯ್ತು."

"ಅಲ್ರೀ, ಸತ್ತಾಕಿ ಮಾತು ಹಿಡಕೊಂಡು ಬದುಕಿದ್ದ ಹುಡುಗೀನ ಯಾಕ ಕಾಯಸ್ತೀರಿ?" ಬಾಳಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅಕಿ ಅಜ್ಜಿ ಆಗಿದ್ಲು. ನಾ ಗಂಡಿನ ತಾಯಿ ಅದೀನಿ. ನಾ ಹೇಳಾಕತ್ತೀನಿ, ಈ ಕೈ ನಮಗ ನಡೀತೈತಿ. ಬರ್ರಿ, ಟೈಮ್ ಆಗೇತಿ."

ಅವಳು ಅವನ ಉತ್ತರಕ್ಕೆ ಕಾಯಲಿಲ್ಲ, ಮುಂಗೈ ಹಿಡಿದು ಎಳೆದುಕೊಂಡೇ ಹೊರಟಳು. ಬೈರಾಸು, ಸ್ಪ್ಯಾನರ್ ಎರಡೂ ಪರದೆಯ ಹಿಂದೆ ನೆಲಕ್ಕೆ ಬಿದ್ದವು.

ತಾನೇ ಕಟ್ಟಿದ ಮಂಟಪವನ್ನು ಭೋಜಣ್ಣ ಮುಂದಿನಿಂದ ಹತ್ತಿದ್ದು ಅದೇ ಮೊದಲು. ಶೈಲೇಶ್ ಬದುಕಿದೆಯಾ ಬಡಜೀವವೇ ಎಂದು ಪಕ್ಕಕ್ಕೆ ಸರಿದ. ಶರಣ್ಯಾಳ ಮುಖವೆಲ್ಲ ಕಾಡಿಗೆ. ಭೋಜಣ್ಣ ಅಭ್ಯಾಸಬಲದಿಂದ ಎಡಗೈ ಮುಂದೆ ಮಾಡಿದ.

"ನೋ, ಮಾಮ," ಎಂದಳು. ಆಮೇಲೆ, ಎಂದೂ ಇಲ್ಲದವಳು, ತೊದಲು ತೊದಲಾಗಿ ಕನ್ನಡದಲ್ಲಿ: "ಆ ಕೈ ಕೊಡು. ನಾನು ನಡೆಯಲು ಕಲಿತದ್ದು ಅದನ್ನು ಹಿಡಿದು ಅಲ್ವಾ?"

ಅವನು ಬಲಗೈ ಚಾಚಿದ. ಅವಳ ಮುಷ್ಟಿ ಬಿಚ್ಚಿಕೊಂಡಿತು. ರವಿಕಿರಣ ಅವನ ಅಂಗೈ ಮೇಲೆ ತನ್ನ ಕೈ ಇಟ್ಟ, ಅದರ ಮೇಲೆ ಅವಳ ಕೈ, ನಡುವೆ ವೀಳ್ಯದೆಲೆ, ಮೇಲೆ ತೆಂಗಿನಕಾಯಿ. ಮೂರು ಬೆರಳಿಗೆ ಭಾರ ಹೆಚ್ಚಾಗಿ ಕೈ ಒಂದು ಕಡೆಗೆ ವಾಲಿತು. ಹುಡುಗ ಸದ್ದಿಲ್ಲದೆ ತನ್ನ ಎಡಗೈಯನ್ನೂ ತಂದು ಕೆಳಗಿನಿಂದ ಆಸರೆ ಕೊಟ್ಟ. ಶಾಸ್ತ್ರದಲ್ಲಿ ಅದು ಇದೆಯೋ ಇಲ್ಲವೋ, ಭಟ್ಟರು ಗಡಿಯಾರ ನೋಡುವ ಅವಸರದಲ್ಲಿ ಕೇಳಲಿಲ್ಲ. ವಾರಿಜಾ ಗಿಂಡಿ ಬಾಗಿಸಿದಳು.

ಅಜ್ಜಿ ಹೇಳಿದ್ದು ಸುಳ್ಳಲ್ಲ. ಆ ಕೈಯಲ್ಲಿ ನೀರು ನಿಲ್ಲಲಿಲ್ಲ. ಬೆರಳಿಲ್ಲದ ಸಂದಿಯಿಂದ ಬಳಬಳನೆ ಹರಿವಾಣಕ್ಕೆ ಇಳಿಯಿತು. ಧಾರೆಯ ನೀರು ನಿಲ್ಲಬೇಕಾದದ್ದೇ ಅಲ್ಲ, ಎಂಥ ಕೈಯಿಂದಲಾದರೂ ಅದು ಹರಿದುಹೋಗಲೇಬೇಕು ಎಂಬುದು ಭೋಜಣ್ಣನಿಗೆ ಐವತ್ತನೆಯ ವಯಸ್ಸಿನಲ್ಲಿ ಕಣ್ಣೆದುರು ಕಂಡಿತು. ಮಲಕಾಜಪ್ಪ ಎರೆದ, ಬಾಳಕ್ಕ ಎರಡು ಸಲ ಎರೆದಳು. ರುಡಾಲ್ಫ್ ಬಂದು, "ಯಲ್ಲಾ ಭೋಜ, ಗಟ್ಟಿ ಹಿಡಿ ಮಾರಾಯಾ, ಕಾಯಿ ಬಿದ್ದೀತು" ಎಂದು ನಗಿಸಲು ಹೋಗಿ ತಾನೇ ಮೂಗು ಒರೆಸಿಕೊಂಡ. ಇನ್ನೂರು ಜನರ ಸಾಲು ಮುಗಿಯುವಷ್ಟರಲ್ಲಿ ಭೋಜಣ್ಣನ ತೋಳು ಮರಗಟ್ಟಿತ್ತು, ಪಂಚೆ ಒದ್ದೆಯಾಗಿತ್ತು.

"ಖಲಾಸ್" ಎಂದುಬಿಟ್ಟರು ಭಟ್ಟರು ಸ್ಟೋರಿನ ಗುಂಗಿನಲ್ಲಿ. ಕೂಡಲೇ ನಾಲಿಗೆ ಕಚ್ಚಿಕೊಂಡು, "ಧಾರೆ ಸಂಪನ್ನವಾಯಿತು" ಎಂದು ತಿದ್ದಿದರು. ಎಲ್ಲರೂ ನಕ್ಕರು. ಮದುಮಕ್ಕಳು ಕೈ ತೆಗೆದು ಎದ್ದು ನಿಂತರು, ಅಕ್ಷತೆ ಬಿತ್ತು, ಫೋಟೊದವನು ಅವರ ಹಿಂದೆ ಓಡಿದ.

ಭೋಜಣ್ಣನ ಕೈ ಮಾತ್ರ ಚಾಚಿದಲ್ಲೇ ಇತ್ತು. ತೆಗೆಯಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಇಷ್ಟು ಹೊತ್ತು ಮಕ್ಕಳ ಕೈಯ ಕೆಳಗಿದ್ದದ್ದು ಈಗ ಬರಿದಾಗಿ, ಬೆರಳಿನ ಮೋಟುಗಳ ಸಮೇತ ಎಲ್ಲರಿಗೂ ಕಾಣುವಂತೆ ಇತ್ತು. ಅದು ಗೊತ್ತಾದೊಡನೆ ಗಾಬರಿಯಿಂದ ಎಳೆದುಕೊಳ್ಳಲು ಹೋದ.

"ಇರು ಅಣ್ಣಾ" ಎಂದಳು ವಾರಿಜಾ.

ಗಿಂಡಿಯಲ್ಲಿ ಇನ್ನೂ ಸ್ವಲ್ಪ ನೀರಿತ್ತು. ಅವಳು ಮುಂದೆ ಬಂದು, ಎಲೆಯಿಲ್ಲದ, ಅಡಿಕೆಯಿಲ್ಲದ, ಮೇಲೆ ಯಾರ ಕೈಯೂ ಇಲ್ಲದ ಅಣ್ಣನ ಬಲಗೈ ಮೇಲೆ ಅದನ್ನು ಸಣ್ಣಗೆ, ತುಂಬ ನಿಧಾನವಾಗಿ, ಕೊನೆಯ ಹನಿಯವರೆಗೂ ಎರೆದಳು. ಭೋಜಣ್ಣ ಇನ್ನೂರು ಜನರ ಎದುರು ಮಗುವಿನ ಹಾಗೆ ಅತ್ತ. ಕೈಯನ್ನು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.